ಬೆಂಚಿನ ಇನ್ನರ್ಧ

ಬೀರುವಿನಿಂದ ಹಳೆಯ ರೇಷ್ಮೆ ಸೀರೆ ತೆಗೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಮಂಡ್ಯದ ಗುತ್ತಲು ಬಡಾವಣೆಯ ನಮ್ಮ ಸಂಗೀತದ ಟೀಚರ್ ತಮ್ಮ ಪಿಯಾನೊದೊಳಗೂ ಅದನ್ನೇ ಹಾಕಿಡುತ್ತಿದ್ದರು. ಮುಚ್ಚಳ ತೆರೆದರೆ ಮೊದಲು ವಾಸನೆ, ಆಮೇಲೆ ಸ್ವರ. ಆ ವಾಸನೆಯ ಹಿಂದೆಯೇ ಮಳವಳ್ಳಿ ಕಡೆಯ ಆ ಹುಡುಗಿ ಬಂದು ನಿಂತಳು...

ಭಾನುವಾರದ ಪಾಠಕ್ಕೆ ನಾವಿಬ್ಬರೇ. ಇಬ್ಬರಿಗೂ ಹದಿನಾಲ್ಕು. ನಾನು ಮಂಡ್ಯದ ಕಾಲೇಜು ಅಧ್ಯಾಪಕರ ಮಗಳು, ಮನೆಯಲ್ಲಿ ಮಡಿಯ ಅಜ್ಜಿ. ಅವಳು ಹಳ್ಳಿಯ ಬೌದ್ಧರ ಮನೆಯವಳು, ಮೊದಲ ಬಸ್ಸು ಹಿಡಿದು ಬರುತ್ತಿದ್ದಳು. ಅವಳ ಸೋದರಮಾವ ಮದುವೆಗಳಲ್ಲಿ ಆರ್ಕೆಸ್ಟ್ರಾ ನಡೆಸುತ್ತಿದ್ದ. ಅವನ ಕೀಬೋರ್ಡಿನಲ್ಲಿ ಕಿವಿಯಿಂದಲೇ ಕಲಿತಿದ್ದಳು. ನಾನು ವಾರವಿಡೀ ತಿದ್ದಿದ್ದನ್ನು ಎರಡು ಸಲ ಕೇಳಿ ನುಡಿಸಿಬಿಡುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು.

"ಯಾವ ಜನವೋ ಏನೋ, ಒಂದೇ ಬೆಂಚಿನ ಮೇಲೆ ಕೂರಬೇಡ" ಎಂದಿದ್ದರು ಅಜ್ಜಿ. ಕೂರದಿದ್ದರೆ ಪಾಠವಿಲ್ಲ. ಹಾಗಾಗಿ ಅವಳು ಎದ್ದ ಮೇಲೆ ಕರ್ಚೀಫಿನಿಂದ ಕೀಗಳನ್ನೆಲ್ಲ ಒರೆಸಿ ಕೂರುತ್ತಿದ್ದೆ. ಟೀಚರ್ ಅದನ್ನು ಅಚ್ಚುಕಟ್ಟುತನ ಎಂದುಕೊಂಡರು. ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತು. ಒಂದು ಭಾನುವಾರ ಪಕ್ಕದಲ್ಲೇ ನಿಂತು ನೋಡಿದಳು.

"ಚೆಂದಾಗ್ ವರುಸ್ಕೊ ಕಣೆ. ನಾನು ಬಾರ್ಸಿದ್ದು ಕಿವೀಲಿ ಕೂತಿರ್ತದಲ್ಲ, ಅದ ಎಂಗ್ ವರುಸ್ತೀಯ?"

ಅಂದಿನಿಂದ ಒರೆಸುವುದು ನಿಂತಿತು. ಜಗಳ ನಿಲ್ಲಲಿಲ್ಲ. ಆದರೂ ನಾನು ಅವಳಿಗೆ ಸ್ವರಲಿಪಿ ಓದುವುದನ್ನು ಹೇಳಿಕೊಟ್ಟೆ. ಅವಳು ನನ್ನ ಬಿಗಿದ ಮಣಿಕಟ್ಟು ಹಿಡಿದು ಅಲ್ಲಾಡಿಸಿ, "ಸಡ್ಲ ಬುಡೆ, ರಾಗಿ ಬೀಸ್ತಿದ್ದೀಯಾ?" ಎನ್ನುತ್ತಿದ್ದಳು. ಅದನ್ನು ಸ್ನೇಹ ಅನ್ನಬಹುದೇನೋ...

ಮರುವರ್ಷ ಟೀಚರ್ ಪಿಯಾನೊವನ್ನು ಸಭಾಂಗಣಕ್ಕೆ ಸಾಗಿಸಿ ಕಾರ್ಯಕ್ರಮ ಇಟ್ಟರು. ಒಂದೇ ಪಿಯಾನೊದಲ್ಲಿ ಇಬ್ಬರೂ ಕೂತು ನುಡಿಸುವ ರಚನೆ. ಹಾಡಿನ ಭಾಗ ಅವಳಿಗೆ, ಅದಕ್ಕೆ ಆಸರೆಯಾಗುವ ಕೆಳಗಿನ ಸ್ವರಗಳು ನನಗೆ. ನನ್ನ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ.

ಆ ದಿನ ನಮ್ಮ ನೆಂಟರೆಲ್ಲ ಎರಡನೇ ಸಾಲಿನಲ್ಲಿದ್ದರು. ಹೆಸರು ಕರೆದರು. ಅವಳು ಹೋಗಿ ಬೆಂಚಿನ ಬಲತುದಿಯಲ್ಲಿ ಕೂತು ನನಗೆ ಜಾಗ ಬಿಟ್ಟಳು. ನಾನು ಕುರ್ಚಿಯಿಂದ ಏಳಲಿಲ್ಲ. ಅಜ್ಜಿ ನನ್ನ ಕೈ ಹಿಡಿದಿರಲಿಲ್ಲ, ಅಂದು ಯಾರೂ ಬೇಡ ಅಂದಿರಲಿಲ್ಲ.

ಅವಳು ಒಮ್ಮೆ ನನ್ನತ್ತ ನೋಡಿ ನುಡಿಸತೊಡಗಿದಳು, ತನ್ನ ಭಾಗ ಮಾತ್ರ. ನಾನೊಬ್ಬಳೇ ನುಡಿಸಬೇಕಾದ ಜಾಗ ಬಂದಾಗಲೆಲ್ಲ ಕೈಯನ್ನು ಮಡಿಲಲ್ಲಿಟ್ಟು, ತಾಳ ಎಣಿಸುತ್ತ ಸುಮ್ಮನೆ ಕೂತಳು. ಮರೆತಳೆಂದು ಜನ ನಕ್ಕರು. ಮತ್ತೆ ನುಡಿಸಿದಳು, ಮತ್ತೆ ನಿಲ್ಲಿಸಿದಳು. ಕೊನೆಯವರೆಗೂ ಹಾಗೆಯೇ.

ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದವಳಿಗೆ, "ನನ್ನ ಭಾಗ ನಿನಗೆ ಬರುತ್ತಿತ್ತಲ್ಲ, ನೀನೇ ನುಡಿಸಬಹುದಿತ್ತು" ಎಂದೆ.

"ನಿನ್ ಪಾಲು ನಾನ್ಯಾಕ್ ಬಾರ್ಸ್ಲಿ? ಖಾಲಿ ಬುಟ್ಟೆ. ನೀನು ಕೇಳುಸ್ಕೊ ಅಂತ."

ಮತ್ತೆ ಅವಳು ಪಾಠಕ್ಕೆ ಬರಲಿಲ್ಲ. ಟೀಚರ್ ನನ್ನನ್ನು ಬೈಯಲಿಲ್ಲ. ಕಲಿಸಿದರು, ಅಷ್ಟೆ... ಮೊದಲಿನಂತೆ ಮಾತಾಡಲಿಲ್ಲ.

ಮೂರು ವರ್ಷದ ಹಿಂದೆ ಮದ್ದೂರಿನ ಒಂದು ಮದುವೆಯಲ್ಲಿ ಅವಳನ್ನು ಕಂಡೆ. ಆರ್ಕೆಸ್ಟ್ರಾ ಈಗ ಅವಳದೇ. ಕೀಬೋರ್ಡಿನ ಮುಂದೆ ಕೂತು, ಕಣ್ಣಲ್ಲೇ ಉಳಿದವರನ್ನು ನಡೆಸುತ್ತಿದ್ದಳು. ಬಿಡುವಿನಲ್ಲಿ ವೇದಿಕೆಯ ಹತ್ತಿರ ಹೋಗಿ ನನ್ನ ಹೆಸರು ಹೇಳಿದೆ. ಇಷ್ಟು ವರ್ಷ ಮನಸ್ಸಿನಲ್ಲೇ ಹೇಳಿಕೊಂಡಿದ್ದ ಕ್ಷಮೆಯ ಮಾತು ಅದರ ಹಿಂದೆ ಬರಬೇಕಿತ್ತು. ಅವಳು ಮುಖ ನೋಡಿದಳು. ಗುರುತು ಸಿಕ್ಕಿತ್ತು, ಅನುಮಾನವಿಲ್ಲ.

"ಯಾವ್ ಆಡು ಬೇಕಾಗಿತ್ತು ಮೇಡಂ? ಚೀಟೀಲಿ ಬರ್ದ್ ಕೊಡಿ" ಎಂದು ಪೆನ್ನು ಮುಂದೆ ಹಿಡಿದಳು.

ಏನೂ ಬರೆಯಲಾಗದೆ ಪೆನ್ನು ಹಿಂದಿರುಗಿಸಿ ಬಂದೆ. ಈಗ ನನ್ನ ನುಡಿಸಾಣಿಕೆಯನ್ನು ಹೊಗಳುವವರು ಹತ್ತಾರು ಜನರಿದ್ದಾರೆ. 'ಕಣೆ' ಎಂದು ಬೈಯುವವರು ಯಾರೂ ಇಲ್ಲ.