ಅಳಿಯನಿಗೆ ಇಂಗ್ಲಿಷಿನಲ್ಲಿ ತೋರಿಸಿದ ಫ್ರೀಜರ್

ನಮ್ಮ ಹುಮನಾಬಾದ್ ಕಡೆ ಹಿಂದಿ ಬಾರದವರು ಯಾರಿದ್ದಾರೆ? ನನಗೆ ಸಿಕ್ಕ ಅಳಿಯನಿಗೇ ಬರುವುದಿಲ್ಲ ನೋಡಿ! ಕೊಯಮತ್ತೂರಿನವನು, ತಮಿಳು ಬಿಟ್ಟರೆ ಇಂಗ್ಲಿಷು. ಮಗಳು ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸ್, ಅವನೂ ಅಲ್ಲೇ ನೌಕರಿ. ಚೊಚ್ಚಲ ಹೆರಿಗೆಗೆ ಅವಳನ್ನು ತವರಿಗೆ ಕಳಿಸು ಎಂದು ಕೇಳಬೇಕಿತ್ತು. ಮಗಳಿಗೆ ಹೇಳಿದರೆ ಒಂದೇ ಮಾತು: "ಅವರನ್ನ ನೀನೇ ಕೇಳವ್ವ."

ಕೇಳುತ್ತೇನೆ, ನನಗೇನು ಹೆದರಿಕೆ? ಆದರೆ ಹತ್ತನೇ ಇಯತ್ತೆಯ ನನ್ನ ಇಂಗ್ಲಿಷಿನಲ್ಲಿ ವಾದ ಮಾಡಲಾಗದು. ಕಣ್ಣಿಗೆ ಕಂಡದ್ದರ ಹೆಸರು ಹೇಳಬಹುದು, ಅಷ್ಟೆ. ಹಾಗಾಗಿ ಫ್ರೀಜರನ್ನೇ ತೋರಿಸುವುದೆಂದು ನಿಶ್ಚಯಿಸಿದೆ.

ಮನ್ನಾಏಖೇಳ್ಳಿಯಲ್ಲಿ ಐಸ್‌ಕ್ರೀಮ್ ಅಂಗಡಿ ಮುಚ್ಚಿದವರಿಂದ ನಮ್ಮವರು ತಂದ ದೊಡ್ಡ ಪೆಟ್ಟಿಗೆ ಅದು. ಚಳಿಗಾಲದಿಂದಲೂ ತುಂಬುತ್ತ ಬಂದಿದ್ದೆ. ಘಾಟಬೋರಾಳದ ಹೊಲದಿಂದ ಎಳೆ ಜೋಳದ ಸೀತನಿ, ಸುಲಿದ ಹಸಿ ತೊಗರಿ, ಹಸಿ ಕಡಲೆ, ಸೀತಾಫಲದ ತಿರುಳು. ಮಗಳು ಬರುವ ಬೇಸಿಗೆಯಲ್ಲಿ ಇವೊಂದೂ ಸಿಗುವುದಿಲ್ಲ. ಬಸುರಿಯ ಬಾಯಿ ಬಯಸಿದ್ದನ್ನು ಇಲ್ಲ ಅನ್ನಬಾರದಲ್ಲ! ಡಬ್ಬಿಯ ಮೇಲೆ ಡಬ್ಬಿ ಏರಿ ಮುಚ್ಚಳ ಕೂರದಾಯಿತು. ಕರೆಂಟ್ ಹೋದರೆ ನನ್ನ ಜೀವವೂ ಹೋದಂತಾಗುತ್ತಿತ್ತು. ದಿನಾ ಮುಚ್ಚಳ ಎತ್ತಿ ಇಂಗ್ಲಿಷ್ ಬಾಯಿಪಾಠ ಮಾಡುತ್ತಿದ್ದೆ.

"ಮುಚ್ಚ ಬೇ ಅದನ್ನ! ತಂಪೆಲ್ಲ ಹೊರಗ ಹೋಗಾಕತ್ತದ," ಎಂದು ನಮ್ಮವರು ಒದರುತ್ತಿದ್ದರು.

"ನಿಮಗೇನ್ರಿ, ಹಡದವರಿಗೆ ಗೊತ್ತು!"

ಕೊನೆಗೊಂದು ಸಂಜೆ ಅಳಿಯನಿಗೆ ವೀಡಿಯೊ ಕಾಲ್ ಹಚ್ಚಿ ಫೋನನ್ನು ಫ್ರೀಜರಿನ ಮೇಲೆ ಹಿಡಿದೆ. "ದಿಸ್ ಈಸ್ ಬೇಬಿ ಜೋಳ. ವೆರಿ ಸಾಫ್ಟ್. ದಿಸ್ ಗ್ರೀನ್ ತೊಗರಿ. ಯುವರ್ ವೈಫ್ ಫುಲ್ ಲೈಕ್. ಬಸವಕಲ್ಯಾಣ ಲೇಡಿ ಡಾಕ್ಟರ್ ವೆರಿ ಗುಡ್. ಯು ಸೆಂಡ್." ಡಬ್ಬಿ ಎತ್ತಿ ಎತ್ತಿ ಬೆರಳು ಮರಗಟ್ಟಿದ್ದವು, ಬೆನ್ನು ಬೆವರುತ್ತಿತ್ತು.

ಅವನು ನಗಲಿಲ್ಲ. "ಮಮ್ಮಿ, ಡಾಕ್ಟರ್ ಸೇಯಿಂಗ್ ನೋ ಟ್ರಾವೆಲ್. ಲಾಸ್ಟ್ ಮಂತ್ ಓನ್ಲಿ ಟೋಲ್ಡ್."

ಹೋದ ತಿಂಗಳೇ! ನನಗೆ ಸಿಟ್ಟು ನೆತ್ತಿಗೇರಿತು. ಮಗಳು ಫೋನಿಗೆ ಬಂದದ್ದೇ ತಡ, "ಬಾಯಿಗಿ ಬೀಗ ಹಾಕ್ಕೊಂಡಿದ್ದೇನು? ನನಗ ಯಾಕ ಹೇಳಲಿಲ್ಲ?" ಎಂದು ಕೂಗಾಡಿದೆ.

"ನೀ ದಿನಾ ಅದಿಟ್ಟೆ, ಇದಿಟ್ಟೆ ಅಂತ ಖುಷಿಲೇ ಹೇಳಾಕತ್ತಿದ್ದಿ. ಹ್ಯಾಂಗ ಹೇಳ್ಲಿ? ಎಷ್ಟೋ ಮಂದಿ ಹೆರಿಗಿ ನೋಡೀನಿ. ಈಗ ನಂದ ಪಾಳಿ ಬಂದದ, ಭಾಳ ಅಂಜಿಕಿ ಆಗಾಕತ್ತದ ಅವ್ವ. ನನಗ ಏನೂ ಬ್ಯಾಡ. ನೀ ಬಾ."

ನಾನು ಹೋಗಬಹುದು ಎನ್ನುವುದು ನನಗೆ ಹೊಳೆದೇ ಇರಲಿಲ್ಲ. ಎರಡು ಸೀರೆ ಚೀಲಕ್ಕೆ ತುರುಕಿದೆ. ನಮ್ಮವರು ಡಬ್ಬಿ ಹಿಡಿದು ಹಿಂದೆ ಬಂದರು.

"ಮಗಳ ಮನಿಗಿ ಬರಿಗೈಲೆ ಹೋಗ್ತಾರೇನು? ಎರಡು ಡಬ್ಬಿನರ ಕಟ್ಟಿಕೊಡ್ತೀನಿ, ತಡಿ."

"ಅಕಿ ಕರದಿದ್ದು ನನ್ನ," ಎಂದೆ. "ಗಾಡಿ ತಗೀರಿ."