ಕೀಲಿಯ ಇನ್ನೊಂದು ತುದಿ

ಬಹಳ ವರ್ಷಗಳ ಹಿಂದೆ ಒಂದು ಬಸ್ ಡಿಪೋದ ಗೇಟಿನ ಬಳಿ ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿಗೆ ಮಾತು ಕೊಟ್ಟಳು. ಮಾತು ಪಡೆದವಳ ಗಂಡ ಆ ಡಿಪೋದ ಚಾಲಕ. ಜ್ವರದಲ್ಲಿ ಮಲಗಿದ್ದ ಮಗುವಿನ ಪಕ್ಕ ಎರಡು ದಿನ ನಿದ್ದೆಗೆಟ್ಟು ಕೂತವನು, ಮೂರನೆಯ ಬೆಳಗ್ಗೆ ಎದ್ದು ಬಂದು ಬಸ್ಸು ಹತ್ತಿದ್ದ. ಸೇತುವೆಯ ಬಳಿ ರಸ್ತೆ ತಿರುಗಿತು, ಬಸ್ಸು ತಿರುಗಲಿಲ್ಲ. ಪ್ರಯಾಣಿಕರು ಇನ್ನೂ ಹತ್ತಿರಲಿಲ್ಲ. ಹೋದವನು ಅವನೊಬ್ಬನೇ.

ಅವನ ಸಾಮಾನು ಒಯ್ಯಲು ಬಂದ ಹೆಂಡತಿ ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಕೀಲಿ ಕೊಡುವ ಕಿಟಕಿಯ ಮುಂದೆ ನಿಂತು ಕೇಳಿದ್ದು ಒಂದೇ ಪ್ರಶ್ನೆ. "ಅವತ್ತು ಹೊರಡೋವಾಗ ಅವರ ಮುಖ ಹೇಗಿತ್ತು?"

ಒಳಗಿದ್ದ ಐದಾರು ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನಿಗೆ ಕೀಲಿ ಕೊಟ್ಟಿದ್ದು ಎಲ್ಲರಿಗೂ ಗೊತ್ತಿತ್ತು, ಮುಖ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕೆಲಸಕ್ಕೆ ಸೇರಿ ವಾರವಷ್ಟೇ ಆಗಿದ್ದ ಹುಡುಗಿಯೊಬ್ಬಳು ಮೂಲೆಯ ಕುರ್ಚಿಯಿಂದ ಎದ್ದು, ಆಕೆಯ ಹಿಂದೆ ಗೇಟಿನವರೆಗೂ ಓಡಿದಳು. ಸಮಾಧಾನದ ಮಾತು ಬಾಯಿಗೆ ಬರಲಿಲ್ಲ. ಬಂದದ್ದು ಇಷ್ಟು: "ನಾನು ಕೆಲಸದಲ್ಲಿ ಇರೋವರೆಗೂ ಯಾರ ಮುಖಾನೂ ನೋಡದೆ ಕೀಲಿ ಕೊಡಲ್ಲ, ಅಕ್ಕ."

ಆ ಹುಡುಗಿಯ ತಲೆ ಈಗ ನರೆತಿದೆ. ಡಿಪೋದಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ಚಾಲಕರಿಗೆ, ಮೆಕ್ಯಾನಿಕ್‌ಗಳಿಗೆ, ಬಸ್ಸು ತೊಳೆಯುವವರಿಗೆ ಅವರು ಕೀಲಿ ಅಕ್ಕ. ಹೊಸ ಮ್ಯಾನೇಜರ್ ಒಬ್ಬರು ಮಾತ್ರ ಮೇಡಂ ಎನ್ನುತ್ತಾರೆ.

ಇನ್ನೂ ಬೆಳಕು ಹರಿದಿಲ್ಲ. ತೊಳೆದ ನೆಲದಲ್ಲಿ ದೀಪಗಳ ಬೆಳಕು ಉದ್ದುದ್ದಕ್ಕೆ ಬಿದ್ದಿದೆ. ಯಾರೋ ಸುತ್ತಿಗೆಯಿಂದ ಚಕ್ರ ತಟ್ಟಿ ಗಾಳಿ ನೋಡುತ್ತಿದ್ದಾರೆ. ಕಿಟಕಿಯ ಮುಂದೆ ಚಾಲಕರ ಸಾಲು. ಸಾಲಿನ ತಲೆಯಲ್ಲಿ, ಕಣ್ಣಿನ ಎತ್ತರಕ್ಕೆ, ಗೋಡೆಗೆ ಕೂರಿಸಿದ ಒಂದು ದುಂಡನೆಯ ಕ್ಯಾಮೆರಾ ಇದೆ. ಅದರ ಹಿಂದಿರುವುದು ಕೃತಕ ಬುದ್ಧಿಮತ್ತೆ. ರೆಪ್ಪೆ ಎಷ್ಟು ಭಾರವಾಗಿದೆ, ಉಸಿರಿನಲ್ಲಿ ಮದ್ಯವಿದೆಯೇ, ಮಣಿಕಟ್ಟಿನ ಪಟ್ಟಿ ಹೇಳುವಂತೆ ನಿದ್ದೆ ಎಷ್ಟಾಗಿದೆ, ಎಲ್ಲವನ್ನೂ ಕಣ್ಣು ಮುಚ್ಚಿ ತೆರೆಯುವುದರೊಳಗೆ ಲೆಕ್ಕ ಹಾಕಿ ಹಸಿರು ಅಥವಾ ಕೆಂಪು ದೀಪ ಹಚ್ಚುತ್ತದೆ. ಚಾಲಕರು ಅದಕ್ಕೆ ಇಟ್ಟ ಹೆಸರು ಅಳಿಯ. "ಮನೆಗೆ ಹೊಸದಾಗಿ ಬಂದಿದಾನೆ. ಎಲ್ರೂ ಮುಖ ತೊಳ್ಕೊಂಡು ಎದುರಿಗೆ ನಿಂತು ನಗಬೇಕು. ಅವನು ಮಾತ್ರ ನಗಲ್ಲ" ಎಂದು ಸಾಲಿನಲ್ಲಿ ನಿಂತವನೊಬ್ಬ ಹೇಳುತ್ತಾನೆ, ಹಿಂದಿನವರು ನಗುತ್ತಾರೆ.

ಹಸಿರು ಬಿದ್ದ ಮೇಲೆ ಕೀಲಿ ಅಕ್ಕನ ಕೆಲಸ. ಕೊಕ್ಕೆಯಿಂದ ಕೀಲಿ ತೆಗೆದು ಕಿಟಕಿಯಿಂದಾಚೆ ಚಾಚುತ್ತಾರೆ, ಆದರೆ ಬಿಡುವುದಿಲ್ಲ. ಕೀಲಿ ಚಾಲಕನ ಕೈಯಲ್ಲಿ, ಅದಕ್ಕೆ ಕಟ್ಟಿದ ಹಿತ್ತಾಳೆ ಬಿಲ್ಲೆ ಅಕ್ಕನ ಬೆರಳಲ್ಲಿ. ಚಾಲಕ ತಲೆ ಎತ್ತಿ ಕಣ್ಣಿಗೆ ಕಣ್ಣು ಕೊಡುವವರೆಗೂ ಬಿಲ್ಲೆ ಸಡಿಲುವುದಿಲ್ಲ.

"ಏನೋ, ಮಗಳ ಹಲ್ಲು ಬಿತ್ತಾ?"

"ನಿನ್ನೆ ಬಿತ್ತು ಅಕ್ಕ. ಅಳಲೇ ಇಲ್ಲ. ನಾನೇ ಅತ್ತುಬಿಟ್ಟೆ."

ಬಿಲ್ಲೆ ಸಡಿಲುತ್ತದೆ. ಮುಂದಿನವನು ಬರುತ್ತಾನೆ.

"ನಿಮ್ಮತ್ತೆ ಊರಿಗೆ ಹೋದ್ರಾ?"

"ಹೋಗೋ ಥರ ಕಾಣ್ತಿಲ್ಲ ಅಕ್ಕ. ಅದಕ್ಕೇ ಡಬಲ್ ಡ್ಯೂಟಿ ಇದ್ರೆ ಕೊಡಿ."

"ಹೋಗೋ ಹೋಗೋ, ಮನೆ ಜಗಳ ಸ್ಟೇರಿಂಗ್ ಮೇಲೆ ಹಾಕ್ಬೇಡ."

ಎಲ್ಲರಿಗೂ ಬೇರೆ ಬೇರೆ ಪ್ರಶ್ನೆ. ಚೆನ್ನಾಗಿದ್ದೀಯಾ ಎಂದು ಮಾತ್ರ ಯಾರನ್ನೂ ಕೇಳುವುದಿಲ್ಲ. "ಚೆನ್ನಾಗಿದೀಯಾ ಅಂದ್ರೆ ಚೆನ್ನಾಗಿದೀನಿ ಅಂತಾನೇ ಅಂತಾರೆ. ಬಾಯಿಪಾಠ ಅದು. ಬೇರೆ ಏನಾದ್ರೂ ಕೇಳಿದ್ರೆ ಒಂದು ಗಳಿಗೆ ಯೋಚನೆ ಮಾಡ್ತಾರಲ್ಲ, ಆಗ ಮುಖ ಕಾಣುತ್ತೆ" ಎನ್ನುತ್ತಾರೆ. ಬೆಳಗಿನ ಪಾಳಿಯಲ್ಲಿ ನೂರೈವತ್ತರ ಆಸುಪಾಸು ಬಸ್ಸುಗಳು ಹೊರಡುತ್ತವೆ. ಅಷ್ಟೂ ಮುಖ ನೋಡಿ ಮುಗಿಯುವಾಗ ಫ್ಲಾಸ್ಕಿನ ಚಹಾ ಆರಿರುತ್ತದೆ. ಆರಿದ್ದನ್ನೇ ಕುಡಿದು ಅಭ್ಯಾಸವಾಗಿದೆ. ಮನೆಯಲ್ಲಿ ಮಗಳು ಬಿಸಿ ಚಹಾ ಕೊಟ್ಟರೆ ಊದಿ ಊದಿ ಕುಡಿಯುವುದನ್ನು ನೋಡಿ ಮೊಮ್ಮಗ ನಗುತ್ತಾನಂತೆ.

ಅಕ್ಕನಿಗೆ ಅಳಿಯನ ಮೇಲೆ ಸಿಟ್ಟಿಲ್ಲ. ಅದನ್ನು ಅವರೇ ಒತ್ತಿ ಹೇಳುತ್ತಾರೆ. "ಬಂದ ಮೊದಲ ವಾರವೇ ಇಬ್ಬರು ಕುಡಿದು ಬಂದಿದ್ದನ್ನ ಹಿಡೀತು. ಇಬ್ಬರನ್ನೂ ನಾನು ದಿನಾ ನೋಡ್ತಿದ್ದೆ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅದಕ್ಕೆ ನೆಂಟರಿಷ್ಟರಿಲ್ಲ. ನನಗೆ ಇದಾರೆ." ಹಳೆಯ ಪಾಳಿ ಮುಖ್ಯಸ್ಥರಲ್ಲಿ ಕೆಲವರು ತಮ್ಮವರಿಗೆ ಹತ್ತಿರದ ದಾರಿ, ಆಗದವರಿಗೆ ದೂರದ ದಾರಿ ಹಂಚುತ್ತಿದ್ದ ಕಾಲವನ್ನು ಚಾಲಕರು ಮರೆತಿಲ್ಲ. ಈಗ ಹಂಚುವುದು ಯಂತ್ರ. ಹಾಗಾಗಿ ಅಕ್ಕ ಬಿಲ್ಲೆ ಹಿಡಿದು ಕೂತಾಗ ಸಾಲಿನ ಹಿಂದಿನಿಂದ ಗೊಣಗಾಟ ಏಳುತ್ತಿತ್ತು. ಹಸಿರು ಬಿದ್ದ ಮೇಲೂ ಇವರದೇನು ಮುಖ ನೋಡಿ ಮಣೆ ಹಾಕೋದು?

ಅದನ್ನು ಎದುರಿಗೇ ಕೇಳಿದವನು, ಡಿಪೋದವರೆಲ್ಲ ಗುಡುಗು ಎಂದು ಕರೆಯುವ ಚಾಲಕ. ಆರಡಿ ಆಳು, ಸಿಟ್ಟು ಮೂಗಿನ ತುದಿಯಲ್ಲಿ, ದನಿ ಹೆಸರಿಗೆ ತಕ್ಕ ಹಾಗೆ. ಒಂದು ಬೆಳಗ್ಗೆ ಅವನಿಗೆ ಹಸಿರು ಬಿತ್ತು. ಅಕ್ಕ ಏನೋ ಕೇಳಿದರು. ಅವನು ಉತ್ತರ ಕೊಡದೆ ಕೀಲಿ ಎಳೆದ. ಕಣ್ಣು ಕೆಂಪಗಿತ್ತು, ದವಡೆ ಬಿಗಿದಿತ್ತು. ಅಕ್ಕ ಬಿಲ್ಲೆ ಬಿಡಲಿಲ್ಲ.

"ಇವತ್ತು ನಿನಗೆ ಕೀಲಿ ಇಲ್ಲ. ಕೂತ್ಕೋ."

"ಮಷೀನು ಹಸಿರು ಕೊಟ್ಟಿದೆ. ನೀವ್ಯಾರು?"

"ಕೀಲಿ ಕೊಡೋಳು."

"ಹಾಗಾದ್ರೆ ಕೊಡಿ!"

ಕೊಡಲಿಲ್ಲ. ಬದಲಿ ಚಾಲಕ ಸಿಗುವವರೆಗೆ ಬಸ್ಸು ನಿಂತಿತು, ದಾರಿಯುದ್ದಕ್ಕೂ ಜನ ಕಾದರು. ಗುಡುಗು ಸೀದಾ ಮ್ಯಾನೇಜರ್ ಬಳಿಗೆ ಹೋಗಿ ದೂರು ಕೊಟ್ಟ. ಮ್ಯಾನೇಜರ್ ಡಾಕ್ಟರನ್ನು ಕರೆಸಿ ಪರೀಕ್ಷೆ ಮಾಡಿಸಿದರು. ನಿದ್ದೆ ಚೆನ್ನಾಗಿ ಆಗಿತ್ತು, ರಕ್ತದೊತ್ತಡ ಸರಿಯಿತ್ತು, ಮನೆಯಲ್ಲೂ ಏನೂ ಇರಲಿಲ್ಲ. ಬರುವ ದಾರಿಯಲ್ಲಿ ಕಣ್ಣಿಗೆ ಧೂಳು ಬಿದ್ದಿತ್ತು, ಉಜ್ಜಿಕೊಂಡಿದ್ದ, ಅಷ್ಟೇ. ಯಂತ್ರ ಹೇಳಿದ್ದು ಸರಿ. ಅಕ್ಕ ಹೇಳಿದ್ದು ತಪ್ಪು.

ಮಾರನೆಯ ಬೆಳಗ್ಗೆ ಸಾಲು ಎಂದಿಗಿಂತ ಉದ್ದವಿತ್ತು. ಏನಾಗುತ್ತದೋ ನೋಡೋಣ ಎಂದು ರಜೆಯಲ್ಲಿದ್ದವರೂ ಬಂದಿದ್ದರು. ಅಕ್ಕ ಕಿಟಕಿಯ ಹಿಂದಿನಿಂದ ಎದ್ದು, ಬಾಗಿಲು ತೆರೆದು, ಸಾಲಿನ ಮುಂದೆ ಬಂದು ನಿಂತರು. "ನಿನ್ನೆ ತಪ್ಪು ನಂದು. ಎಲ್ಲರ ಎದುರಿಗೆ ಕೂತ್ಕೋ ಅಂದೆ, ಅದಕ್ಕೆ ಎಲ್ಲರ ಎದುರಿಗೇ ಹೇಳ್ತಿದೀನಿ. ಹೊಟ್ಟೆಗೆ ಹಾಕ್ಕೋ ಮಾರಾಯ."

"ಇರ್ಲಿ ಬಿಡಿ ಅಕ್ಕ" ಎಂದು ಗುಡುಗು ನೆಲ ನೋಡಿದ.

"ನೆಲ ನೋಡ್ಬೇಡ, ಇಲ್ಲಿ ನೋಡು. ಇಲ್ಲಾಂದ್ರೆ ಇವತ್ತೂ ಕೀಲಿ ಇಲ್ಲ."

ಸಾಲು ಘೊಳ್ಳೆಂದು ನಕ್ಕಿತು. ಆ ನಗುವಿನಲ್ಲಿ ಏನೋ ಒಂದು ಗಂಟು ಬಿಚ್ಚಿಕೊಂಡಿತು ಎಂದು ಅಲ್ಲಿದ್ದವರು ಇವತ್ತಿಗೂ ಹೇಳುತ್ತಾರೆ. ಅಕ್ಕ ಹೇಳುವುದು ಇಷ್ಟೇ: "ಯಂತ್ರ ತಪ್ಪಿದ್ರೆ ಯಾರು ಕ್ಷಮೆ ಕೇಳ್ತಾರೆ? ಅದಕ್ಕೆ ಬಾಯಿಲ್ಲ, ಮಾಡಿದವರು ಎಲ್ಲೋ ಇರ್ತಾರೆ. ನನಗೆ ಬಾಯಿದೆ, ನಾನು ಇಲ್ಲೇ ಇದೀನಿ."

ಅದಾಗಿ ತಿಂಗಳು ಕಳೆದಿರಬೇಕು. ಗುಡುಗು ಕ್ಯಾಮೆರಾದ ಮುಂದೆ ನಿಂತ, ಹಸಿರು ಬಿತ್ತು. ಅಕ್ಕ ಕೀಲಿ ಚಾಚಿದರು. ಅವನು ಕೈ ಚಾಚಲಿಲ್ಲ. ಆ ದನಿ ಅಷ್ಟು ಸಣ್ಣಗೆ ಆಗಬಲ್ಲದೆಂದು ಯಾರಿಗೂ ಗೊತ್ತಿರಲಿಲ್ಲ.

"ಅಕ್ಕ, ಇವತ್ತು ಬೇಡ."

"ಯಾಕೋ?"

"ನಿದ್ದೆ ಮಾಡಿದೀನಿ, ಮೈ ಚೆನ್ನಾಗಿದೆ. ಆದ್ರೆ ತಮ್ಮ ನಿನ್ನೆ ಸಂಜೆಯಿಂದ ಆಸ್ಪತ್ರೇಲಿ. ರಸ್ತೆ ನೋಡಿದ್ರೆ ಅವನೇ ಕಾಣ್ತಾನೆ."

ಅಕ್ಕ ಕೀಲಿಯನ್ನು ಕೊಕ್ಕೆಗೆ ಹಾಕಿದರು. ಆರಿದ ಚಹಾವನ್ನು ಲೋಟಕ್ಕೆ ಬಗ್ಗಿಸಿ ಅವನ ಮುಂದಿಟ್ಟರು. ಅಂದಿನಿಂದ ಇತರರೂ ಬಾಯಿ ಬಿಡತೊಡಗಿದರು. ವಾರಕ್ಕೊಬ್ಬರೋ ಇಬ್ಬರೋ, ಹಸಿರು ದೀಪದ ಕೆಳಗೆ ನಿಂತು, ಇವತ್ತು ಬೇಡ ಎನ್ನುತ್ತಾರೆ. ಆ ದಿನ ಅವರಿಗೆ ಟೈರಿನ ಕೋಣೆಯಲ್ಲೋ ಟಿಕೆಟ್ ಕೌಂಟರಿನಲ್ಲೋ ಕೆಲಸ. ಯಾರೂ ಕಾರಣ ಕೆದಕುವುದಿಲ್ಲ. ಮುಚ್ಚಿಟ್ಟದ್ದನ್ನು ಯಂತ್ರ ಕಂಡುಹಿಡಿಯಬಹುದು. ಆದರೆ ತಾನಾಗಿ ಹೇಳಿಕೊಳ್ಳಲು ಎದುರಿಗೆ ಒಬ್ಬರು ಬೇಕು.

ಈ ಕಿಟಕಿಗೇ ಈಗ ಕುತ್ತು ಬಂದಿತ್ತು. ಮೂರು ಡಿಪೋಗಳ ಬಸ್ಸುಗಳನ್ನು ಒಂದೇ ಕೋಣೆಯಿಂದ ಹೊರಡಿಸಬೇಕೆಂದು ಮೇಲಿನವರು ತೀರ್ಮಾನಿಸಿದರು. ಹಸಿರು ಬಿದ್ದರೆ ಕೀಲಿಯ ಪೆಟ್ಟಿಗೆ ತಾನಾಗಿ ತೆರೆದುಕೊಳ್ಳುತ್ತದೆ, ಕಿಟಕಿ ಬೇಡ. ಎಲ್ಲಕ್ಕೂ ಒಬ್ಬರು ಮುಖ್ಯಸ್ಥರು ಸಾಕು. ಆ ಕುರ್ಚಿಗೆ ಮ್ಯಾನೇಜರ್ ಸೂಚಿಸಿದ್ದು ಕೀಲಿ ಅಕ್ಕನನ್ನೇ.

"ಮೇಡಂ, ನೀವು ಬೇಡ ಅಂದ್ರೆ ಹೊರಗಿನವರು ಬರ್ತಾರೆ" ಎಂದರು ಅವರು. ಸಣ್ಣ ವಯಸ್ಸಿನವರು, ಕೆಟ್ಟವರಲ್ಲ. "ಅವರಿಗೆ ಈ ಮುಖ ನೋಡೋ ವಿಚಾರ ಎಲ್ಲ ಅರ್ಥ ಆಗಲ್ಲ."

"ನಾನು ಬಂದ್ರೆ ಕಿಟಕಿ ಉಳಿಯುತ್ತಾ ಸರ್?"

"ಕೇಳೋ ಅಧಿಕಾರ ನಿಮಗಿರುತ್ತೆ."

ಅಕ್ಕ ಕೇಳಿದರು. ಬರೆದು ಕೇಳಿದರು, ಹೋಗಿ ಕೇಳಿದರು, ತಲೆ ತಿನ್ನುವಷ್ಟು ಕೇಳಿದರು. ಕೊನೆಗೆ ಮೇಲಿನವರು ಒಪ್ಪಿದರು. ಮೂರೂ ಡಿಪೋಗಳಲ್ಲಿ ಹಸಿರು ದೀಪದ ನಂತರ ಒಬ್ಬ ಮನುಷ್ಯ ಕೀಲಿಯನ್ನು ಕೈಯಾರೆ ಕೊಡಬೇಕು. ಆದರೆ ಕುರ್ಚಿಯಲ್ಲಿ ಕೂರುವವರು ಅಕ್ಕನೇ ಆಗಿರಬೇಕು, ಪ್ರತಿ ಬಸ್ಸೂ ಅವರ ಅನುಮತಿಯಿಂದಲೇ ಹೊರಡಬೇಕು. ಇಷ್ಟು ದಿನ ಕಿಟಕಿಯಿದ್ದದ್ದು ಈ ಡಿಪೋದಲ್ಲಿ ಮಾತ್ರ, ಇನ್ನು ಮೂರು ಕಡೆ. ಮೂವರು ನೋಡುತ್ತಾರೆ. ಕೀಲಿ ಅಕ್ಕ ನೋಡುವುದಿಲ್ಲ.

ಇಲ್ಲಿನ ಕಿಟಕಿಗೆ ಅವರು ಆರಿಸಿದ್ದು ಗುಡುಗನ್ನು. "ಕುರಿ ಕಾಯೋಕೆ ತೋಳನ್ನ ಕೂರಿಸ್ತೀರಲ್ಲ ಅಕ್ಕ!" ಎಂದು ಡಿಪೋ ನಕ್ಕಿತು. "ಇವತ್ತು ಬೇಡ ಅಂತ ಹೇಳೋದು ಎಷ್ಟು ಕಷ್ಟ ಅಂತ ಅವನಿಗೆ ಗೊತ್ತು. ಗೊತ್ತಿದ್ದವನ ಹತ್ರಾನೇ ಜನ ಹೇಳ್ತಾರೆ" ಎಂದರು ಅಕ್ಕ. ಒಂದು ವಾರ ಅವನ ಪಕ್ಕ ಕೂತು ಕಲಿಸಿದರು. ಮೊದಲ ದಿನ ಅವನು ಎಲ್ಲರನ್ನೂ ಚೆನ್ನಾಗಿದೀಯೇನೋ ಎಂದು ಗದರಿದ್ದನಂತೆ. "ನೀನು ಕೇಳೋ ರೀತಿಗೆ ಚೆನ್ನಾಗಿರೋರೂ ಹುಷಾರು ತಪ್ಪುತ್ತಾರೆ" ಎಂದು ಬೈಸಿಕೊಂಡ.

ಕುರ್ಚಿ ಏರುವ ಮುಂಚಿನ ಭಾನುವಾರ ಅಕ್ಕ, ಅಂದು ಗೇಟಿನ ಬಳಿ ಮಾತು ಪಡೆದವಳ ಮನೆಗೆ ಹೋದರು. ಆಕೆ ಈಗ ಮಗನ ಮನೆಯಲ್ಲಿದ್ದಾರೆ. ಅಂದು ಜ್ವರದಲ್ಲಿದ್ದ ಮಗು ಅವನೇ. ಕಿಟಕಿಯ ಬೆಳಕಿನಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದ ಆಕೆ ಅಕ್ಕ ಹೇಳಿದ್ದನ್ನೆಲ್ಲ ಕೊನೆಯವರೆಗೂ ಕೇಳಿ, ದಾರ ಕಡಿದು, ಒಂದೇ ಮಾತು ಕೇಳಿದರು.

"ಯಾರಾದ್ರೂ ನೋಡ್ತಾರೆ ತಾನೆ?"

"ನೋಡ್ತಾರೆ ಅಕ್ಕ. ನಾನಲ್ಲ."

"ಹಾಗಾದ್ರೆ ಹೋಗು."

ಕೊಟ್ಟ ಮಾತಿನಿಂದ ಬಿಡುಗಡೆ ಸಿಕ್ಕಿತಲ್ಲ ಎಂದರೆ ಕೀಲಿ ಅಕ್ಕ ಇಲ್ಲವೆಂದು ತಲೆಯಾಡಿಸುತ್ತಾರೆ. "ಅವರು ದೊಡ್ಡ ಮನಸ್ಸು ಮಾಡಿದ್ರು. ಅದು ಅವರ ದೊಡ್ಡತನ. ನಾನು ನೋಡ್ತೀನಿ ಅಂದಿದ್ದೆ, ನೋಡಿಸ್ತೀನಿ ಅಂದಿರಲಿಲ್ಲ."

ಹೊಸ ಕೋಣೆ ಎರಡನೆಯ ಮಹಡಿಯಲ್ಲಿದೆ. ಗೋಡೆಯ ತುಂಬ ಪರದೆ, ಪರದೆಯ ತುಂಬ ಬಸ್ಸುಗಳ ಸಂಖ್ಯೆ, ಪ್ರತಿ ಸಂಖ್ಯೆಯ ಪಕ್ಕ ಒಂದು ಹಸಿರು ಚುಕ್ಕಿ, ಕೊನೆಯಲ್ಲಿ ಅನುಮತಿ ಕೊಟ್ಟವರ ಹೆಸರು. ಎಲ್ಲ ಸಾಲಿನಲ್ಲೂ ಒಂದೇ ಹೆಸರು. ಏನಾದರೂ ಬೇಕೇ ಎಂದು ಮ್ಯಾನೇಜರ್ ಕೇಳಿದಾಗ, ಮೇಜನ್ನು ಗೇಟಿನ ಕಡೆಯ ಗಾಜಿಗೆ ತಿರುಗಿಸಿಕೊಡಿ ಎಂದಷ್ಟೇ ಕೇಳಿದರು. ತಿರುಗಿಸಿದ್ದಾರೆ. ಅಲ್ಲಿಂದ ಬಸ್ಸುಗಳ ನೆತ್ತಿ ಕಾಣುತ್ತದೆ.

ಸೋಮವಾರದ ಬೆಳಗ್ಗೆ ಕೆಳಗಿನಿಂದ ಗುಡುಗಿನ ದನಿ ಮೇಲಿನವರೆಗೂ ಬರುತ್ತಿದೆ. ಯಾರನ್ನೋ ಏನೋ ಕೇಳುತ್ತಿದ್ದಾನೆ, ಯಾರೋ ನಗುತ್ತಿದ್ದಾರೆ. ಪರದೆಯ ಮೇಲೆ ಮೊದಲ ಚುಕ್ಕಿ ಹಸಿರಾಗುತ್ತದೆ. ಅಕ್ಕ ಗುಂಡಿ ಒತ್ತುತ್ತಾರೆ, ಬಸ್ಸು ಗೇಟು ದಾಟುತ್ತದೆ. ಅದನ್ನು ಓಡಿಸುತ್ತಿರುವವನ ಮುಖವನ್ನು ಅವರು ನೋಡಿಲ್ಲ. ಕೊಟ್ಟ ಮಾತಿಗೆ ಅವರು ತಪ್ಪಿದ್ದಾರೆ.