ಹೊಳೆ ಪ್ರದಕ್ಷಿಣೆ ಹಾಕುವ ಗುಡ್ಡ

ಅಫಜಲಪುರದ ಕೆಳಗೆ ಭೀಮೆಯ ನಡುವೆ ಒಂದು ಕಲ್ಲುಗುಡ್ಡವಿತ್ತು. ಹೊಳೆ ಅದಕ್ಕೆ ಪ್ರದಕ್ಷಿಣೆ ಹಾಕುತ್ತದೆ, ಒಂದು ಬದಿಯಲ್ಲಿ ಕೆಳಗಿಳಿದು ಇನ್ನೊಂದು ಬದಿಯಲ್ಲಿ ಮೇಲಕ್ಕೇರುತ್ತದೆ ಎಂದು ಆಳಂದದಿಂದ ಜೇವರ್ಗಿಯವರೆಗೂ ಹೇಳುತ್ತಿದ್ದರು. ನೀರು ಏರುವುದನ್ನು ನಾನು ಒಪ್ಪಲಿಲ್ಲ. ಶಾಲೆ ಬಿಟ್ಟ ಮೇಲೆ ನಾನಾಗಿಯೇ ಓದಿಕೊಂಡ ಭೂಗೋಳದ ಪುಸ್ತಕವನ್ನೂ ನಾನು ಪೂರ್ತಿ ನಂಬಿದವನಲ್ಲ. ಅದರ ನಕ್ಷೆಯಲ್ಲಿ ಭೀಮೆ ಒಂದೇ ಗೀಟು, ಗುಡ್ಡವೇ ಇರಲಿಲ್ಲ.

ನನ್ನ ತಾಯಿಯ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಅವಳ ಎರಡೂ ಕಣ್ಣಿಗೆ ಪೊರೆ ಬಂದು ಮನುಷ್ಯರ ಮುಖಗಳು ಹೊಗೆಯಲ್ಲಿ ಅದ್ದಿದಂತೆ ಕಾಣುತ್ತಿದ್ದವು. ದೃಷ್ಟಿ ಪೂರಾ ಹೋಗುವ ಮುನ್ನ ಹೊಳೆಯ ಪ್ರದಕ್ಷಿಣೆಯನ್ನು ಒಮ್ಮೆ ನೋಡಬೇಕೆಂದು ಅವಳು ಹಟ ಹಿಡಿದಳು. ಹಟ ನನಗೆ ಬಂದದ್ದೂ ಅವಳಿಂದಲೇ. ಎಳ್ಳಮಾವಾಸ್ಯೆ ಹತ್ತಿರವಾಗಿ ಕರಿಯ ಹೊಲಗಳಲ್ಲಿ ಬಿಳಿಜೋಳ ಎದೆಮಟ್ಟ ನಿಂತಿದ್ದ ಕಾಲದಲ್ಲಿ ಬಂಡಿ ಕಟ್ಟಿಸಿಕೊಂಡು ಹೊರಟೆವು.

ಬುಟ್ಟಿಯಂಥ ದುಂಡನೆಯ ಹರಗೋಲಿನಲ್ಲಿ ಜನರನ್ನು ದಾಟಿಸುವ ಅಂಬಿಗನೇ ಗುಡ್ಡವನ್ನೂ ತೋರಿಸುತ್ತಿದ್ದ. ಅವನು ಮೊದಲು ನಮ್ಮನ್ನೂ ನೋಡಲು ಬಂದಿದ್ದ ಇತರರನ್ನೂ ಗುಡ್ಡದ ಕೆಳತುದಿಗೆ ಕರೆದೊಯ್ದು ದಂಡೆಯ ನೀರಿಗೆ ಜೋಳದ ಎಲೆಯೊಂದನ್ನು ಬಿಟ್ಟ. ಎಲೆ ಮೆಲ್ಲಗೆ ಮೇಲ್ಮುಖವಾಗಿ ತೇಲಿತು. ಬಂದವರು ಕೈಮುಗಿದರು. ನೀರು ಏರುವುದಿಲ್ಲವೆಂದು ಪುಸ್ತಕದಲ್ಲಿದೆ, ನಡುನೀರಿಗೆ ಬಿಟ್ಟು ತೋರಿಸೆಂದು ನಾನು ಕೇಳಿದೆ.

“ನಡುವ ಒಗೆದ್ರ ಅದು ನಿಮ್ಮ ಪುಸ್ತಕದ ಹೊಳಿ ಆಗ್ತದ್ರಿ, ಸಾಹೇಬ್ರ,” ಎಂದ ಅಂಬಿಗ. ಎಲ್ಲರಿಗಿಂತ ಜೋರಾಗಿ ನಕ್ಕವಳು ಆಯಿ.

ಬಲಗೈಯನ್ನು ಬಂಡೆಗೆ ತಾಗಿಸಿಕೊಂಡೇ ಏರಬೇಕೆಂಬುದು ಅಲ್ಲಿಯ ಕಟ್ಟಳೆ. ಹೊಳೆಯಂತೆ ನಾವೂ ಗುಡ್ಡವನ್ನು ಸುತ್ತಬೇಕು. ಆಯಿ ಅಂಗೈಯಿಂದ ಕಲ್ಲನ್ನು ಸವರುತ್ತ ನನಗಿಂತ ಸಲೀಸಾಗಿ ನಡೆದಳು. ಒಂದು ತಿರುವಿನಲ್ಲಿ ಬನ್ನಿಮರದ ಕೊಂಬೆಗಳಿಗೆ ಕಳೆದ ಮಳೆಗಾಲದ ಕಸಕಡ್ಡಿ ಸಿಕ್ಕಿಕೊಂಡಿತ್ತು, ನಮ್ಮ ತಲೆಗಿಂತ ಮೇಲೆ. ಅಷ್ಟೆತ್ತರಕ್ಕೆ ನೀರು ಬಂದಿತ್ತು. ಕೆಳಗೆ ಮಲಗಿದ್ದ ಸಣ್ಣ ಹೊಳೆಯನ್ನು ನೋಡಿದೆ, ಮತ್ತೆ ಆ ಕೊಂಬೆಗಳನ್ನು ನೋಡಿದೆ.

ನೆತ್ತಿಯ ಮೇಲೆ ನಿಂತಾಗ ನನ್ನ ಸಂಶಯ ನಿಜವೆಂದು ತಿಳಿಯಿತು. ಹೊಳೆ ಗುಡ್ಡದ ಮೇಲ್ತುದಿಯಲ್ಲಿ ಒಡೆದು, ಎರಡೂ ಬದಿಯಲ್ಲಿ ಕೆಳಗೇ ಹರಿದು, ಕೆಳತುದಿಯಲ್ಲಿ ಕೂಡುತ್ತಿತ್ತು. ಕೂಡುವಲ್ಲಿ ದಂಡೆಗುಂಟ ಒಂದು ಸುಳಿ; ಎಲೆಯನ್ನು ಹಿಂದಕ್ಕೆ ಒಯ್ದದ್ದು ಅದು. ಈಚೆ ನಿಜಾಮರ ಸೀಮೆ, ಆಚೆ ಇಂಗ್ಲಿಷರದು ಎನ್ನುತ್ತಿದ್ದರು. ನೀರಿನ ಮೇಲೆ ಅಂಥ ಗೆರೆಯೇನೂ ನನಗೆ ಕಾಣಲಿಲ್ಲ.

ಆಯಿಗೆ ಬಿಸಿಲಿನಲ್ಲಿ ಎಲ್ಲವೂ ಬಿಳುಪು. “ಏನೂ ಕಾಣವಲ್ದೋ,” ಎಂದು ಕುಳಿತುಬಿಟ್ಟಳು. ಉಳಿದವರು ಇಳಿಯತೊಡಗಿದರು. ಹೊತ್ತು ಮುಳುಗಿದರೆ ದಾಟುವುದು ಕಷ್ಟವೆಂದು ಅಂಬಿಗ ಅವಸರಪಡಿಸಿದ.

“ತೋರಸ್ತೀನಿ ಅಂದಾಂವ ನೀ. ಇನ್ನಾ ತೋರ್ಸಿಲ್ಲ,” ಎಂದಳು ಆಯಿ.

ಅವನು ಗೊಣಗುತ್ತ ಕುಳಿತು ತಂಬಾಕು ತಿಕ್ಕತೊಡಗಿದ. ಸೂರ್ಯ ಇಳಿದ. ಪಡುವಣದ ನೀರಿಗೆ ಮೊದಲು ಬೆಂಕಿ ಹತ್ತಿದಂತಾಯಿತು. ಆ ಬೆಳಕು ಎರಡೂ ಕವಲುಗಳಲ್ಲಿ ಹರಿದು ಬಂತು. ಮೂಡಣದಲ್ಲಿ ನೀರು ಆಕಾಶದ ಹಳದಿಯನ್ನು ಹೊತ್ತು ಬೆಳಗಿತು. ನಡುವೆ ಗುಡ್ಡ, ಹೊಲ, ಊರು ಎಲ್ಲ ಕಪ್ಪಾದವು. ಆಯಿ ಎದ್ದು ನಿಂತಳು. ಬೆರಳು ಚಾಚಿ, ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿದಳು.

“ಸುತ್ತೂ ಹೊಳಿ ಅದ ಅಲ್ಲೋ ತಮ್ಮ. ನಿನಗ ಕಾಣಾಕತ್ತದಿಲ್ಲೋ?”

ಸುಳಿಯ ವಿಷಯ ನನ್ನ ನಾಲಗೆಯ ತುದಿಯಲ್ಲಿತ್ತು. ಆದರೆ ಆ ಹೊಳಪಿನಲ್ಲಿ ನೀರು ಯಾವ ಕಡೆಗೆ ಹರಿಯುತ್ತಿದೆಯೆಂದು ನನ್ನ ನೆಟ್ಟಗಿನ ಕಣ್ಣಿಗೂ ತಿಳಿಯಲಿಲ್ಲ.

“ಕಾಣಾಕತ್ತದ, ಆಯಿ,” ಎಂದೆ.

ಮರಳುವಾಗ ನಡುನೀರಿಗೆ ಜೋಳದ ಎಲೆಯೊಂದನ್ನು ಬಿಟ್ಟೆ. ನೆಟ್ಟಗೆ ಕೆಳಗೆ ಹೋಯಿತು. ಅಂಬಿಗ ಅದರ ಕಡೆ ಒಮ್ಮೆ ನೋಡಿ ಮತ್ತೆ ಹುಟ್ಟಿಗೆ ಕೈಹಾಕಿದ. ಅವನು ಹುಟ್ಟು ಹಾಕಿದಂತೆಲ್ಲ ಹರಗೋಲು ಮೆಲ್ಲಗೆ ಸುತ್ತುತ್ತಿತ್ತು. ಆಯಿಯ ಮುಖಕ್ಕೆ ಉಳಿದ ಬೆಳಕು ಬಿದ್ದು, ಸರಿದು, ಮತ್ತೆ ಬೀಳುತ್ತಿತ್ತು.